ಸೂರಿನ ಕೆಳಗಿನ ಮಂಗಳೂರು

ಮಂಗಳೂರು ನೋಡಬೇಕೆಂದರೆ ಮಳೆ ಮುಗಿದ ಮೇಲೆ ಹೋಗಬೇಕು, ಡಿಸೆಂಬರ್ ಜನವರಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಾವು ಹೋದದ್ದು ಆಟಿ ತಿಂಗಳಲ್ಲಿ. ತುಳುವರ ಲೆಕ್ಕದಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಆಟಿ. ಮಳೆ ಹೊಡೆಯುವ, ಕೈ ಬರಿದಾಗುವ, ಒಳ್ಳೆಯ ಕಾರ್ಯ ಯಾವುದನ್ನೂ ಇಟ್ಟುಕೊಳ್ಳದ ತಿಂಗಳು. ಕಂಕುಳಲ್ಲಿ ಎರಡು ತುಂಬಿದ ಮಗಳು, ಜೊತೆಗೆ ವಿಜಯಪುರದಿಂದ ಬಂದಿದ್ದ ನನ್ನ ಅವ್ವ, ಇವರು, ನಾನು. ಹತ್ತು ವರ್ಷದ ಮೇಲಾಯಿತು. ಈಗಲೂ ಯಾರಾದರೂ ಚಿಕ್ಕ ಮಗುವನ್ನು ಕರೆದುಕೊಂಡು ಎಲ್ಲಿಗೆ ಹೋಗೋಣ ಅಂತ ಕೇಳಿದರೆ ನಾನು ಮಂಗಳೂರಿಗೆ ಹೋಗಿ, ಮಳೆಗಾಲದಲ್ಲೇ ಹೋಗಿ ಅನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನು ನಗಿಸಲು ಹೇಳುವ ಮಾತಲ್ಲ ಅದು.

ಹೊರಡಿಸಿದವಳು ಅವ್ವ. ಹುಟ್ಟಿದ್ದು, ಬಾಳಿದ್ದು ಎಲ್ಲ ಎರೆಮಣ್ಣಿನ ಸೀಮೆಯಲ್ಲೇ. ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆ, ಜೋಳದ ಹೊಲ, ಸರದಿಯ ಮೇಲೆ ಬರುವ ನಲ್ಲಿ ನೀರು. ಆ ವರ್ಷ ನಮ್ಮ ಕಡೆ ಮುಂಗಾರು ಕೈಕೊಟ್ಟಿತ್ತು. ಜುಲೈ ಅರ್ಧ ಕಳೆದರೂ ಹೊಲ ಬಾಯಿಬಿಟ್ಟುಕೊಂಡೇ ಇತ್ತು. ಮೊಮ್ಮಗಳನ್ನು ನೋಡಲೆಂದು ಬೆಂಗಳೂರಿಗೆ ಬಂದ ಅವ್ವ, ಟಿವಿಯಲ್ಲಿ ಕರಾವಳಿಯ ಮಳೆ ಸುದ್ದಿ ಬಂದಾಗಲೆಲ್ಲ ಕೈಯ ಕೆಲಸ ಬಿಟ್ಟು ಎದುರಿಗೆ ಕೂತುಬಿಡುವಳು. ಒಂದು ರಾತ್ರಿ, "ನಮ್ಮಲ್ಲಿಗಂತೂ ಬರಲಿಲ್ಲ, ಅದು ಎಲ್ಲಿ ಬೀಳಾಕತ್ತೈತೋ ಅಲ್ಲಿಗಾರೆ ಹೋಗಿ ನೋಡಿ ಬರೂಣ ನಡೀ" ಅಂದಳು. ವಿಜಯಪುರಕ್ಕೆ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿಗೆ ಜುಲೈ ಒಂದರಲ್ಲೇ ಅದಕ್ಕಿಂತ ಹೆಚ್ಚು ಬೀಳುತ್ತದೆ. ವರ್ಷದ್ದು 3,500 ದಾಟುತ್ತದೆ. ಈ ಲೆಕ್ಕ ಅವ್ವನಿಗೆ ಗೊತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಮಳೆ. ಸಮುದ್ರವನ್ನಂತೂ ಅವಳು ಕಂಡೇ ಇರಲಿಲ್ಲ.

ಇವರ ಗೆಳೆಯರೊಬ್ಬರ ತಂದೆತಾಯಿ ಮಂಗಳೂರಿನ ಕದ್ರಿಯಲ್ಲಿದ್ದರು. ಫೋನು ಮಾಡಿದಾಗ ಆ ಅಮ್ಮ, "ಹೋಟೆಲ್ ಎಂತಕ್ಕೆ? ಮಗು ಉಂಟು, ದೊಡ್ಡವರಿದ್ದಾರೆ. ಮನೆ ದೊಡ್ಡದುಂಟು, ಸೀದಾ ಇಲ್ಲಿಗೇ ಬನ್ನಿ ಮಾರಾಯ್ರೆ" ಅಂದರು. ಆ ಮಾತು ನಮ್ಮ ಇಡೀ ಪ್ರವಾಸದ ದಿಕ್ಕನ್ನೇ ತಿರುಗಿಸಿತು.

ಬೆಂಗಳೂರಿನಿಂದ ಹಗಲು ರೈಲು ಹಿಡಿದೆವು. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಈ ದಾರಿಗೆ ಬಂದದ್ದು 2021ರ ಜುಲೈಯಲ್ಲಿ. ನಮಗೆ ಸಿಕ್ಕಿದ್ದು ಸಾದಾ ಬೋಗಿ, ಸರಳಿನ ಕಿಟಕಿ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಟ್ಟ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಕೆಳಗಿಳಿಯುವಷ್ಟು ಇಳಿಜಾರು, 57 ಸುರಂಗ. ಮೀಟರ್‌ಗೇಜ್ ಆಗಿ 1979ರಲ್ಲಿ ತೆರೆದ ಹಳಿ ಇದು. ಬ್ರಾಡ್‌ಗೇಜ್ ಮಾಡುವ ಕೆಲಸಕ್ಕಾಗಿ ವರ್ಷಗಟ್ಟಲೆ ಮುಚ್ಚಿಟ್ಟು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲನ್ನು ಮತ್ತೆ ಬಿಟ್ಟರು. ಮಳೆಗಾಲದಲ್ಲಿ ಗುಡ್ಡ ಜರಿದು ಹಳಿಯ ಮೇಲೆ ಕೂರುವುದು ಇಲ್ಲಿ ಹೊಸತಲ್ಲ. ಅದಕ್ಕೇ ರೈಲು ಮೈಯೆಲ್ಲ ಕಣ್ಣಾಗಿ ಇಳಿಯುತ್ತದೆ. ಅಲ್ಲಲ್ಲಿ ರೇನ್‌ಕೋಟು ತೊಟ್ಟು, ಕೈಯಲ್ಲಿ ಬಾವುಟ ಹಿಡಿದು ಒಬ್ಬೊಬ್ಬರೇ ನಿಂತಿದ್ದ ಗ್ಯಾಂಗ್‌ಮನ್‌ಗಳನ್ನು ಅವ್ವ ಕಿಟಕಿಯಿಂದ ನೋಡಿ ಪ್ರತಿಯೊಬ್ಬರಿಗೂ ಕೈ ಮುಗಿದಳು. ಆ ಕಾಡಿನಲ್ಲಿ, ಆ ಮಳೆಯಲ್ಲಿ, ನಮ್ಮ ರೈಲು ದಾಟಲಿ ಎಂದು ಕಾಯುತ್ತ ನಿಂತವರಿಗೆ ಕೈ ಮುಗಿಯಬೇಕೆಂದು ನನಗೆ ಹೊಳೆದಿರಲಿಲ್ಲ.

ಮಗಳಿಗೆ ಘಟ್ಟವೂ ಬೇಡ, ಜಲಪಾತವೂ ಬೇಡ. ಸುರಂಗ ಬಂದಾಗ "ರಾತ್ರಿ ಆಯ್ತು" ಅನ್ನುವಳು, ಸುರಂಗ ಮುಗಿದಾಗ "ಬೆಳಗಾಯ್ತು." ಕತ್ತಲಾದೊಡನೆ ಬೋಗಿಯ ಹುಡುಗರೆಲ್ಲ ಹೋ ಎಂದು ಕೂಗುತ್ತಿದ್ದರು, ಆ ಕೂಗಿನ ನಡುವೆ ಇವಳು ಅವ್ವನ ಎದೆಗೊರಗಿ ಕಣ್ಣು ಮುಚ್ಚಿ ಮಲಗಿದಂತೆ ಮಾಡಿ, ಬೆಳಕಾದ ಕೂಡಲೇ ಎದ್ದು ಕೂತು ಅಜ್ಜಿಗೆ "ಆಯಿ, ಹಲ್ಲುಜ್ಜು" ಅನ್ನುವಳು. ಅವ್ವ ಪ್ರತಿಸಲವೂ ಬೆರಳಿನಿಂದ ಹಲ್ಲುಜ್ಜಿದಳು. ಎಡಕುಮೇರಿ ಹೊತ್ತಿಗೆ ಎದುರಿನ ಸೀಟಿನವರೂ ಹಲ್ಲುಜ್ಜತೊಡಗಿದ್ದರು.

ಮಂಗಳೂರು ಜಂಕ್ಷನ್ನಿನಲ್ಲಿ ಇಳಿದಾಗ ಸಂಜೆ. ಮಳೆ ಎಂಥದೆಂದರೆ ಪ್ಲಾಟ್‌ಫಾರ್ಮಿನ ಆಚೆ ಬದಿ ಕಾಣುತ್ತಿರಲಿಲ್ಲ. ಕೊಡೆ ಬಿಚ್ಚಿಯೂ ಮೊಣಕಾಲಿನ ಕೆಳಗೆ ಎಲ್ಲ ಒದ್ದೆ. ಆಟೋದ ಎರಡೂ ಕಡೆ ಟಾರ್ಪಾಲಿನ ಪರದೆ ಇಳಿಬಿಟ್ಟಿದ್ದರು. ನಾವು ಮಂಗಳೂರಿನ ಬೀದಿಗಳನ್ನು ಮೊದಲ ಸಲ ಹಾದುಹೋದದ್ದು ಏನನ್ನೂ ನೋಡದೆ. ಆಟೋ ನಿಂತಲ್ಲಿ ಇಳಿದರೆ ನೇರವಾಗಿ ಜಗಲಿ.

ಆ ಜಗಲಿಯ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯ ಮುಂದೆ ಉದ್ದಕ್ಕೂ ಕೆಂಪು ಸಿಮೆಂಟಿನ ನೆಲ, ಅಂಚಿಗೆ ಮೊಣಕಾಲೆತ್ತರದ ದಂಡೆ, ಪಡುವಣ ಬದಿಗೆ ಎರಚಲು ಹೊಡೆಯದಿರಲೆಂದು ಮಡಲಿನ ತಟ್ಟಿ ಕಟ್ಟಿದ್ದರು. ಮೇಲಿನ ಮಾಡು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿತ್ತೆಂದರೆ, ಹೊರಗೆ ಆ ಪರಿ ಸುರಿಯುತ್ತಿದ್ದರೂ ದಂಡೆಯ ಮೇಲಿಟ್ಟ ಪೇಪರು ಒದ್ದೆಯಾಗುತ್ತಿರಲಿಲ್ಲ. ಎರಡು ವರ್ಷದ ಮಗುವನ್ನು ಹೊರಗೆ ಬಿಟ್ಟೂ ಒಳಗೆ ಇಟ್ಟುಕೊಂಡ ಹಾಗಾಗುವ ಜಾಗ ಅದೊಂದೇ. ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಬಾಗಿಲು ತೆರೆದರೆ ಲಿಫ್ಟು, ಮುಚ್ಚಿದರೆ ಮನೆ. ನಡುವೆ ಏನೂ ಇಲ್ಲ.

ಬೆಳಿಗ್ಗೆ ಏಳುವಾಗ ಪಕ್ಕದಲ್ಲಿ ಮಗಳಿಲ್ಲ. ಓಡಿ ಬಂದು ನೋಡಿದರೆ ಅವ್ವ, ಮಗಳು ಇಬ್ಬರೂ ಜಗಲಿಯಲ್ಲಿ. ಸೂರಿನಿಂದ ನೀರು ಇಳಿಯುತ್ತಿತ್ತು. ಹಂಚಿನ ಒಂದೊಂದು ಸಾಲಿನ ಕಾಲುವೆಯಿಂದ ಒಂದೊಂದು ಧಾರೆ, ಅಳೆದು ಇಟ್ಟಷ್ಟು ಸಮ ಅಂತರದಲ್ಲಿ, ಜಗಲಿಯ ಈ ತುದಿಯಿಂದ ಆ ತುದಿಯ ತನಕ. ಕೆಳಗೆ ಧಾರೆ ಬೀಳುವಲ್ಲಿ ಮುರಕಲ್ಲು ಹಾಸಿದ್ದರು; ವರ್ಷಾನುವರ್ಷ ಬಿದ್ದು ಬಿದ್ದು ಆ ಕಲ್ಲಿನಲ್ಲಿ ಸಾಲಾಗಿ ಕುಳಿ ಬಿದ್ದಿದ್ದವು. ಮಗಳು ದಂಡೆಗೆ ಹೊಟ್ಟೆಯಾನಿಸಿ ಒಂದು ಧಾರೆಗೆ ಅಂಗೈ ಒಡ್ಡಿ ನಿಲ್ಲುವಳು, ಅದು ಕೈ ತುಂಬಿ ಚೆಲ್ಲಿದ ಮೇಲೆ ಪಕ್ಕದ ಧಾರೆಗೆ ಹೋಗುವಳು. ಹೀಗೆ ಕೊನೆಯ ಧಾರೆಯ ತನಕ ಹೋಗಿ, ತಿರುಗಿ ಬರುವಳು. ಅವ್ವ ಅವಳ ಹಿಂದೆ ಹಿಂದೆಯೇ ಕೂತಲ್ಲೇ ಸರಿಯುತ್ತ, ತಾನೂ ಪಕ್ಕದ ಧಾರೆಗೆ ಕೈ ಒಡ್ಡುತ್ತ. ನನ್ನನ್ನು ನೋಡಿ, "ಎಷ್ಟ ನೀರು ಹಾಳಾಗಿ ಹೊಂಟೈತಿ ನೋಡವಾ. ಒಂದ ಕೊಡಾನಾರೆ ಇಡಬಾರದ ಇವರು" ಅಂದಳು. ಆ ಮನೆಯ ಅಮ್ಮ ಅದನ್ನು ಕೇಳಿಸಿಕೊಂಡವರು, ಒಳಗಿನಿಂದ ಒಂದು ತಾಮ್ರದ ಹಂಡೆ ತರಿಸಿ ಸೂರಿನ ಕೆಳಗೆ ಇಡಿಸಿದರು. ಅವರಿಗೆ ಆ ನೀರು ಬೇಕಿರಲಿಲ್ಲ. ಹಂಡೆ ಕಣ್ಣೆದುರೇ ತುಂಬಿತು. ಅವ್ವ ಅಂದು ಅದೇ ನೀರಲ್ಲಿ ಸ್ನಾನ ಮಾಡಿದಳು, ಮೊಮ್ಮಗಳಿಗೂ ಮಾಡಿಸಿದಳು.

ಹಂಚಿನ ಮೇಲೆ ಅವ್ವನಿಗೆ ಅಪಾರ ಕುತೂಹಲ. ನಮ್ಮ ಮೇಲ್ಮುದ್ದೆಯ ಮನೆಯಲ್ಲಿ ಚಾವಣಿ ಚಪ್ಪಟೆ. ತೊಲೆ, ಜಂತೆ, ಅದರ ಮೇಲೆ ಹಾಸಿದ ಕಟ್ಟಿಗೆ, ಅದರ ಮೇಲೆ ಮಣ್ಣು. ಮೇಲೆ ಹೋಗಿ ಹಪ್ಪಳ ಒಣಗಿಸಬಹುದು, ಬೇಸಿಗೆಯಲ್ಲಿ ಮಲಗಬಹುದು, ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿ ತುಳಿಯಬೇಕು. ಇಲ್ಲಿ ಮಾಡಿನ ಮೇಲೆ ಬೆಕ್ಕು ಬಿಟ್ಟರೆ ಯಾರೂ ಹೋಗುವುದಿಲ್ಲ. ಹಿತ್ತಿಲಲ್ಲಿ ತೆಗೆದಿಟ್ಟ ಹಳೆಯ ಹಂಚುಗಳ ಅಟ್ಟಿ ಇತ್ತು. ಮನೆಯ ಯಜಮಾನರು ಅದರಿಂದ ಒಂದನ್ನು ಎತ್ತಿ ತಂದು ಅವ್ವನ ಮುಂದಿಟ್ಟರು. ಪಾಚಿ ಒರೆಸಿದರೆ ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂದು ಉಬ್ಬಚ್ಚು. ಆ ಹಂಚು ಸುಟ್ಟ ವರ್ಷ ಅದಲ್ಲ, ಕಾರ್ಖಾನೆ ಶುರುವಾದ ವರ್ಷ ಎಂದು ಅವರೇ ಹೇಳಿದರು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂವತ್ತು ವರ್ಷದ ಮೇಲೆ ಅವರಲ್ಲೊಬ್ಬರಾದ ಗೇಯೋರ್ಗ್ ಪ್ಲೆಬ್ಸ್ಟ್ ಇಲ್ಲಿನ ಹೊಳೆದಂಡೆಯ ಜೇಡಿಯನ್ನು ಪರೀಕ್ಷಿಸಿ, ಯಂತ್ರದಲ್ಲಿ ಒತ್ತಿ ಸುಟ್ಟ ಹಂಚು ಮಾಡಿಸಿದರು. ನೇತ್ರಾವತಿ, ಗುರುಪುರ ಹೊಳೆಗಳ ಮಣ್ಣು ಹೀಗೆ ಮಂಗಳೂರು ಹಂಚು ಎಂಬ ಹೆಸರಿನಲ್ಲಿ ಹಡಗು ಹತ್ತಿ ದೇಶದ ಹೊರಗೂ ಹೋಯಿತು.

ಅವ್ವ ಹಂಚನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಒಂದು ಅಂಚಿನಲ್ಲಿ ಏರು, ಇನ್ನೊಂದು ಅಂಚಿನಲ್ಲಿ ಅದಕ್ಕೆ ಸರಿಯಾದ ತಗ್ಗು. ಪಕ್ಕದ ಹಂಚು ಇದರ ಮೇಲೆ ಕೂತರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಅಡಿಯಲ್ಲಿ ರೀಪಿಗೆ ಸಿಕ್ಕಿಸಲು ಗಿಡ್ಡ ಮೂಗು. ಮೇಲಿನಿಂದ ಇಳಿದ ನೀರು ತಗ್ಗಿಗೆ ಬಂದು, ಕೆಳಗಿನ ಹಂಚಿಗೆ ದಾಟಿ, ಸೂರಿನ ತನಕ ಒಂದು ಹನಿಯೂ ಒಳಗೆ ಬೀಳದೆ ಹೋಗಬೇಕು. ಸುಣ್ಣವಿಲ್ಲ, ಸಿಮೆಂಟಿಲ್ಲ, ಮೊಳೆಯಿಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಕೈಯಾಡಿಸಿ, ಒಡೆದದ್ದನ್ನು ಬದಲಿಸಿದರಾಯಿತು. "ಯಾರ ತಲ್ಯಾಗ ಬಂತಿದು!" ಅಂತ ಅವ್ವ ತನ್ನಷ್ಟಕ್ಕೆ ಅಂದುಕೊಂಡಳು. ಮಗಳು ಲೋಟದಲ್ಲಿ ನೀರು ತಂದು ಆ ಹಂಚಿನ ಮೇಲೆ ಸುರಿದು, ಅದು ಕಾಲುವೆ ಹಿಡಿದು ಇಳಿದು ಆಯಿಯ ಸೀರೆ ನೆನೆಸುವುದನ್ನು ಕಣ್ಣು ಮಿಟುಕಿಸದೆ ನೋಡಿದಳು.

ನಮ್ಮ ಕೈಯಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಇತ್ತು. ಆ ಮನೆಯ ಮೊಮ್ಮಗ, ಐದನೇ ಕ್ಲಾಸಿನವನು, ದಿನಾ ಬೆಳಿಗ್ಗೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರೋ ಇಲ್ಲವೋ ಎಂದು ಕಾಯುವನು. ರಜೆ ಬಂತೆಂದರೆ ಆ ದಿನ ನಾವೂ ದೂರ ಹೋಗುವಂತಿಲ್ಲ ಎಂದರ್ಥ. ಪಟ್ಟಿಯಲ್ಲಿದ್ದ ಪಿಲಿಕುಳ ನಿಸರ್ಗಧಾಮ ಹೀಗೆ ತಪ್ಪಿತು. ಉಳಿದ ದಿನಗಳಲ್ಲಿ ಮಳೆ ಬಿಟ್ಟಾಗ ಹೊರಡುವುದು, ಹಿಡಿದಾಗ ಸಿಕ್ಕ ಸೂರಿನ ಕೆಳಗೆ ನುಗ್ಗುವುದು. ಹಂಪನಕಟ್ಟೆಯ ಅಂಗಡಿ ಜಗಲಿ, ಕಾರ್‌ಸ್ಟ್ರೀಟಿನ ಹೂವಿನ ಕಟ್ಟೆ, ಲಾಲ್‌ಬಾಗಿನ ಬಸ್‌ಸ್ಟ್ಯಾಂಡು. ಮಗುವಿದ್ದರಂತೂ ಒಂದು ಮಾತನ್ನೂ ಆಡಬೇಕಿಲ್ಲ. ಯಾರೋ ಸ್ಟೂಲು ಎಳೆದು ಕೊಡುತ್ತಾರೆ, ಯಾರೋ ಮಗುವಿನ ತಲೆ ಒರೆಸಲು ಬೈರಾಸು ಕೊಡುತ್ತಾರೆ. "ಯಾವ ಊರು? ವಿಜಯಪುರವಾ? ಅಲ್ಲಿ ಮಳೆ ಉಂಟಾ?" ಇಲ್ಲವೆಂದರೆ ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಹೂವಿನ ಕಟ್ಟೆಯಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬರು ಅವ್ವನ ಜೊತೆ ಬಹಳ ಹೊತ್ತು ಬರದ ಬಗ್ಗೆ, ದನದ ಮೇವಿನ ಬಗ್ಗೆ ಮಾತಾಡಿದರು. ಒಬ್ಬರದು ತುಳು ಬೆರೆತ ಕನ್ನಡ, ಇನ್ನೊಬ್ಬರದು ಅಪ್ಪಟ ಬಿಜಾಪುರದ್ದು. ನನಗೇ ಅರ್ಧಂಬರ್ಧ ಅರ್ಥವಾದ ಮಾತುಗಳನ್ನು ಅವರಿಬ್ಬರೂ ಪೂರ್ತಿ ಆಡಿಕೊಂಡರು. ಕೊನೆಗೆ ಒಂದು ಚೆಂಡು ಮಲ್ಲಿಗೆಗೆ ದುಡ್ಡು ಬೇಡವೆಂದರು. ಅವ್ವ ಬಿಡದೆ ಕೊಟ್ಟಳು.

ಇದನ್ನು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಮಳೆಗೆಂದು ಕಟ್ಟಿದ ಊರು ಕಾಯುವವರಿಗೆಂದು ಕಟ್ಟಿದ ಊರೂ ಆಗಿರುತ್ತದೆ. ಅಂಗಡಿಯ ಮುಂದೆ ಚಾಚಿದ ಮಾಡು, ಗೇಟಿನಿಂದ ಬಾಗಿಲ ತನಕ ಮುಚ್ಚಿದ ದಾರಿ, ಯಾರೂ ಬಂದು ಕೂರಬಹುದಾದ ದಂಡೆ. ಇವೆಲ್ಲ ಮಗುವಿಗೂ ಬೇಕು, ಮೊಣಕಾಲು ನೋವಿನ ಅವ್ವನಿಗೂ ಬೇಕು. ಬಿಸಿಲಿನ ಡಿಸೆಂಬರಿನಲ್ಲಿ ಹೋಗಿದ್ದರೆ ನಾವು ಅವುಗಳ ಮುಂದಿನಿಂದ ಸರಸರ ನಡೆದು ಪಟ್ಟಿ ಮುಗಿಸುತ್ತಿದ್ದೆವು.

ಸೇಂಟ್ ಅಲೋಶಿಯಸ್ ಚಾಪೆಲಿಗೆ ಹೋದಾಗಲೂ ಮಳೆಯೇ ನಮ್ಮನ್ನು ಒಳಗೆ ಹಿಡಿದಿಟ್ಟಿತು. ಲೈಟ್‌ಹೌಸ್ ಹಿಲ್ಲಿನ ಕಾಲೇಜಿನ ಆವರಣದಲ್ಲಿದೆ ಅದು; ಕಾಲೇಜು 1880ರದ್ದು. ಕೆಲವು ವರ್ಷದ ಮೇಲೆ ಕಟ್ಟಿದ ಚಾಪೆಲಿನ ಗೋಡೆ, ಕಮಾನು, ಚಾವಣಿ ತುಂಬ ಬಣ್ಣ ತುಂಬಿದವರು ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ. 1899ರಲ್ಲಿ ಹಿಡಿದ ಕೆಲಸಕ್ಕೆ ಎರಡು ವರ್ಷದ ಮೇಲಾಯಿತು. ಗೋಡೆಯ ಮೇಲಿನವು ಫ್ರೆಸ್ಕೊ. ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗಿದ ಮೇಲೆ ಬಣ್ಣ ಅದರೊಳಗೇ ಕೂತುಬಿಡುತ್ತದೆ. ಚಾವಣಿಯದ್ದು ಕ್ಯಾನ್‌ವಾಸಿನ ಮೇಲಿನ ತೈಲಚಿತ್ರ. ಕಡಲ ಗಾಳಿ, ವರ್ಷಕ್ಕೆ ನಾಲ್ಕೈದು ತಿಂಗಳ ತೇವ ಇವುಗಳನ್ನು ಬಹಳ ಕಾಡಿತು. 1990ರ ದಶಕದಲ್ಲಿ ತಜ್ಞರು ಕೂತು ಸರಿಪಡಿಸಿದರು. ನಾವು ಹೋದಾಗ ಒಳಗೆ ಬೇರೆ ಯಾರೂ ಇರಲಿಲ್ಲ. ಸಾಮಾನ್ಯವಾಗಿ ಅಂಥ ಜಾಗದಲ್ಲಿ ಚಿಕ್ಕ ಮಗುವನ್ನು ಕಟ್ಟಿಕೊಂಡವರಿಗೆ ಇರುವ ಭಯವೇ ಬೇರೆ. ಎಲ್ಲಿ ಕಿರುಚುತ್ತದೋ, ಏನು ಮುಟ್ಟುತ್ತದೋ. ಮಗಳು ಬೆಂಚಿನ ಮೇಲೆ ಅಂಗಾತ ಮಲಗಿದಳು. ಮೇಲೆ ನೋಡಿ, ಪಿಸುಮಾತಿನಲ್ಲಿ, "ಅಮ್ಮಾ, ಮೇಲೆ ಜನ ಇದಾರೆ" ಅಂದಳು. ನಾನೂ ಪಕ್ಕದ ಬೆಂಚಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತೆ. ಆ ಚಿತ್ರಗಳನ್ನು ನೋಡಬೇಕಾದದ್ದು ಹಾಗೇ. ಕುತ್ತಿಗೆ ಎತ್ತಿ ಐದು ನಿಮಿಷ ನೋಡಿ ಹೊರಟವರಿಗೆ ಅವು ಸಿಗುವುದಿಲ್ಲ. ಮಳೆ ಚಾವಣಿಯ ಮೇಲೆ ಬಡಿಯುತ್ತಿತ್ತು, ಕೆಳಗೆ ನಾವು ಒಂದೊಂದೇ ಮುಖ ಹುಡುಕುತ್ತ ಮಲಗಿದ್ದೆವು. ಅವ್ವ ಚಪ್ಪಲಿ ಹೊರಗೆ ಬಿಟ್ಟು ಬಂದು, ಸೆರಗು ತಲೆಗೆ ಹೊದ್ದು ಕೂತಿದ್ದಳು.

ಕದ್ರಿ ಮಂಜುನಾಥನ ಗುಡಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿನ ಕಂಚಿನ ಲೋಕೇಶ್ವರ ಮೂರ್ತಿಯ ಪೀಠದಲ್ಲಿ ಶಾಸನವಿದೆ, ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಮಾಡಿಸಿದ್ದೆಂದು ಅದರಿಂದ ತಿಳಿಯುತ್ತದೆ. ಮೂರು ಮುಖ, ಆರು ಕೈ. ಸಾವಿರ ವರ್ಷ ಈ ಉಪ್ಪುಗಾಳಿಯಲ್ಲಿ ನಿಂತೂ ಕಳೆಗುಂದಿಲ್ಲ. ಆದರೆ ನಮ್ಮ ಮನೆಯ ಇಬ್ಬರನ್ನೂ ಹಿಡಿದು ನಿಲ್ಲಿಸಿದ್ದು ಗೋಮುಖ. ಗುಡ್ಡದೊಳಗಿನಿಂದ ನೀರು ಬಂದು, ಹಸುವಿನ ಬಾಯಿಂದ ಬಿದ್ದು, ಕೆಳಗಿನ ಕೆರೆಗಳಿಗೆ ಹೋಗುತ್ತದೆ. ಬೇಸಿಗೆಯಲ್ಲೂ ಬರುತ್ತದೆಯೇ ಎಂದು ಅವ್ವ ಅರ್ಚಕರನ್ನು ಕೇಳಿದಳು. ಬರುತ್ತದೆ ಎಂದರು. ವಿಜಯಪುರದಲ್ಲಿ ತಾಜ್ ಬಾವಡಿ ಇದೆ, 1620ರಲ್ಲಿ ಆದಿಲ್‌ಶಾಹಿಗಳ ಕಾಲದಲ್ಲಿ ಕಟ್ಟಿದ್ದು. ಅವ್ವ ಸಣ್ಣವಳಿದ್ದಾಗ ಅದರ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆದವಳು. ನೀರಿಗಾಗಿ ಅಷ್ಟು ದೊಡ್ಡ ಬಾಗಿಲು, ಅಷ್ಟು ದೊಡ್ಡ ಕಮಾನು ಕಟ್ಟುವ ಊರಿನಿಂದ ಬಂದವಳಿಗೆ, ಇಲ್ಲಿ ನೀರು ತಾನಾಗಿ ಬಂದು ಬೀಳುವುದು ನಂಬುವ ಸಂಗತಿಯಾಗಿರಲಿಲ್ಲ. ಆಯಿ, ಮೊಮ್ಮಗಳು ಸರದಿಯ ಮೇಲೆ ತಲೆಯೊಡ್ಡಿದರು. ಮಗುವಿಗೆ ಶೀತವಾಗುತ್ತದೆ ಎಂದು ಇವರು ಹೇಳುತ್ತಲೇ ಇದ್ದರು, ಯಾರೂ ಕೇಳಲಿಲ್ಲ. ಶೀತವೂ ಆಗಲಿಲ್ಲ.

ಬಟ್ಟೆ ಒಣಗುವುದೊಂದೇ ದೊಡ್ಡ ಪಾಡು. ಎರಡು ವರ್ಷದ ಮಗುವಿಗೆ ಎಷ್ಟು ಜೊತೆ ತಂದರೂ ಮಧ್ಯಾಹ್ನದೊಳಗೆ ಮುಗಿಯುತ್ತವೆ. ಫ್ಯಾನಿನ ಕೆಳಗೆ ಹರವಿದ ಚಡ್ಡಿಗಳು ಮೂರನೇ ದಿನಕ್ಕೂ ತಣ್ಣಗೇ ಇರುತ್ತಿದ್ದವು. ಅಮ್ಮ ಅವನ್ನೆಲ್ಲ ಎತ್ತಿಕೊಂಡು ಹೋಗಿ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರು. ಅಲ್ಲಿಂದ ಮಗಳ ಬಟ್ಟೆಗೆಲ್ಲ ತೆಂಗಿನ ಸಿಪ್ಪೆಯ ಹೊಗೆ ವಾಸನೆ. ಊರಿಗೆ ಬಂದು ಒಗೆದ ಮೇಲೂ ಕೆಲವು ದಿನ ಅದು ಹೋಗಲಿಲ್ಲ. ಅವ್ವ ವಿಜಯಪುರದಿಂದ ಕಟ್ಟಿ ತಂದಿದ್ದ ಕಟಕ ರೊಟ್ಟಿಯ ಕಥೆಯೂ ಅದೇ. ನಮ್ಮ ಕಡೆ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಇಲ್ಲಿ ಮರುದಿನಕ್ಕೇ ಮೆತ್ತಗಾಗಿ ಮಡಚಿಕೊಂಡಿತು. ಅವ್ವ ಅದನ್ನು ಹಿಡಿದು ನೋಡಿದ ರೀತಿಗೆ ನನಗೆ ಕರುಳು ಚುರುಕ್ ಎಂದಿತು. ಕೊಡಲೆಂದು ಅಷ್ಟು ಪ್ರೀತಿಯಿಂದ ತಂದದ್ದು. ಅಮ್ಮ ಅದನ್ನು ತವೆಯ ಮೇಲೆ ಹಾಕಿ ಬಿಸಿ ಮಾಡಿ, ಶೇಂಗಾ ಹಿಂಡಿ, ಮೊಸರಿನ ಜೊತೆ ಮನೆಯವರಿಗೆಲ್ಲ ಬಡಿಸಿ, ತಾವೂ ಎರಡು ತಿಂದು, "ಇದು ನಮಗೆ ಮಾಡಲಿಕ್ಕೆ ಬರುವುದಿಲ್ಲ ನೋಡಿ" ಅಂದರು. ಮರುದಿನ ಅವರು ಪತ್ರೊಡೆ ಮಾಡಿದರು. ಕೆಸುವಿನ ಎಲೆಯ ಬೆನ್ನಿಗೆ ಅಕ್ಕಿ, ಹುಳಿ, ಮೆಣಸಿನ ಹಿಟ್ಟು ಸವರಿ, ಎಲೆಯ ಮೇಲೆ ಎಲೆಯಿಟ್ಟು, ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುವುದು. ಅವ್ವ ಪಕ್ಕದಲ್ಲೇ ಕೂತು ಹಿಟ್ಟು ಸವರಿದಳು. ಅವರಿಬ್ಬರ ನಡುವೆ ಮಗಳು, ಮೂಗಿನ ತುದಿಗೆ ಹಿಟ್ಟು.

ನಾವಿದ್ದಾಗಲೇ ಆಟಿ ಅಮಾವಾಸ್ಯೆ ಬಂತು. ಆ ದಿನ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ತರುತ್ತಾರೆ. ತುಳುವಿನಲ್ಲಿ ಪಾಲೆ. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದ ಜಜ್ಜಿ ಎಬ್ಬಿಸಬೇಕು. ಅದರ ರಸಕ್ಕೆ ಬೆಳ್ಳುಳ್ಳಿ, ಕರಿಮೆಣಸು, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಸೊಂಯ್ ಎಂಬ ಸದ್ದು, ಘಾಟು, ಹೊಗೆ. ಹಿಂದಿನ ಸಂಜೆ ಯಜಮಾನರು ಮರ ಯಾವುದೆಂದು ಖಾತ್ರಿ ಮಾಡಿಕೊಂಡು ಬಂದಿದ್ದರು; ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ಅಪಾಯ, ಗೊತ್ತಿದ್ದವರೇ ಹೋಗಬೇಕು ಎಂದರು. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಕುಡಿದೆವು. ಅಂಥ ಕಹಿ ನಾನು ಕಂಡಿಲ್ಲ. ಅವ್ವ ಮಾತ್ರ ಒಂದೇ ಗುಕ್ಕಿಗೆ ಕುಡಿದು ಲೋಟ ಕೆ‍ಳಗಿಟ್ಟಳು. ಚಿಕ್ಕ ಮಗುವಿಗೆ ಬೇಡವೆಂದು ಅಮ್ಮ ಅವಳಿಗೆ ಕೊಡಲಿಲ್ಲ. ಕಷಾಯದ ಉಷ್ಣಕ್ಕೆಂದು ಆಮೇಲೆ ಮೆಂತ್ಯದ ಗಂಜಿ ಮಾಡುತ್ತಾರೆ, ತೆಂಗಿನ ಹಾಲು, ಬೆಲ್ಲ ಹಾಕಿ. ಅದರಲ್ಲಿ ದೊಡ್ಡ ಪಾಲು ನನ್ನ ಮಗಳ ಹೊಟ್ಟೆಗೆ ಹೋಯಿತು.

ಸುಲ್ತಾನ್ ಬತ್ತೇರಿಗೆ ಹೋದದ್ದು ಅರ್ಧ ಗಂಟೆಯ ಮಟ್ಟಿಗೆ. ಗುರುಪುರ ಹೊಳೆಗೆ ಶತ್ರುವಿನ ಹಡಗು ಬಾರದಿರಲೆಂದು ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಕೋಟೆ. ಆಚೆ ದಡದ ತಣ್ಣೀರುಬಾವಿಗೆ ಹೋಗುವ ದೋಣಿ ಆ ದಿನ ನಿಂತಿತ್ತು. ವಾಪಸು ಬರುವಾಗ ಆಟೋದವರು ತಾವಾಗಿ ಮೀನುಗಾರಿಕೆಯ ದಕ್ಕೆಯ ಕಡೆ ಸುತ್ತಿಸಿದರು. ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಬೋಟುಗಳೆಲ್ಲ ಮಗ್ಗುಲಿಗೆ ಮಗ್ಗುಲು ತಾಗಿಸಿ ನಿಂತಿದ್ದವು. ಶೆಡ್ಡಿನಲ್ಲಿ ಗಂಡಸರು ಕಾಲ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಹರಿದದ್ದನ್ನು ಹೆಣೆಯುತ್ತಿದ್ದರು. ಒಬ್ಬರು ಮಗಳ ಪುಟ್ಟ ಹೆಬ್ಬೆರಳಿಗೂ ಒಂದು ಎಳೆ ಸಿಕ್ಕಿಸಿದರು. ಅವಳು ಅಲುಗಾಡದೆ ಕೂತಳು, ಮನೆಯಲ್ಲಿ ಒಂದು ಚಮಚ ಅನ್ನಕ್ಕೆ ನಿಲ್ಲದವಳು.

ಕೊನೆಗೆ ಸಮುದ್ರ. ನೇತ್ರಾವತಿ ಸೇತುವೆ ದಾಟಿ ಸೋಮೇಶ್ವರಕ್ಕೆ ಹೋದೆವು. ಗುಡಿ ಎತ್ತರದಲ್ಲಿದೆ, ನೀರಿಗಿಳಿಯದೆ ಕಡಲು ನೋಡಬಹುದು. ಮಳೆಗಾಲದಲ್ಲಿ ಅಲ್ಲಿ ಯಾರೂ ನೀರಿಗಿಳಿಯಬಾರದು. ಉಳ್ಳಾಲದ ಉದ್ದಕ್ಕೂ ಕಡಲ್ಕೊರೆತ. ದಡಕ್ಕೆ ಗಾಡಿಗಟ್ಟಲೆ ಬಂಡೆ ಸುರಿದರೂ ಅಲೆ ತೆಂಗಿನ ಮರಗಳನ್ನು, ಮನೆಗಳನ್ನು ಎಳೆದುಕೊಳ್ಳುತ್ತಲೇ ಇದೆ. ದಾರಿಯಲ್ಲಿ ಅರ್ಧ ಗೋಡೆ ಮಾತ್ರ ಉಳಿದ ಮನೆಯೊಂದನ್ನು ಕಂಡೆವು. ಅವ್ವ ಆ ಮನೆಯವರು ಈಗ ಎಲ್ಲಿದ್ದಾರೆ ಎಂದು ಆಟೋದವರನ್ನು ಕೇಳಿದಳು. ನೀರಿಲ್ಲದೆ ಊರು ಬಿಟ್ಟವರನ್ನು ಕಂಡಿದ್ದಳು, ನೀರು ಬಂದು ಮನೆ ಬಿಟ್ಟವರನ್ನು ಕಂಡಿರಲಿಲ್ಲ.

ಗುಡಿಯ ಪೌಳಿ ದಾಟಿ ಮುಂದೆ ಬಂದಾಗ ಮಗಳು ನನ್ನ ಹೆಗಲ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಕೆಳಗೆ ರುದ್ರಶಿಲೆ ಎನ್ನುವ ಬಂಡೆಗೆ ಅಲೆ ಅಪ್ಪಳಿಸಿ ನೊರೆ ಮೇಲಕ್ಕೆ ಚಿಮ್ಮುತ್ತಿತ್ತು. ಆ ಸದ್ದಿಗೂ ಅವಳು ಏಳಲಿಲ್ಲ. ಎಬ್ಬಿಸೋಣ ಎಂದು ಇವರು ಅಂದಾಗ ಅವ್ವ, "ಮಲಗಲಿ ಬಿಡ್ರಿ. ಆಕಿ ಪಾಲಿಂದು ನಾ ನೋಡಿಟ್ಟಿರತೀನಿ" ಅಂದಳು. ಕೊಡೆ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಕಡಲು ನೀಲಿಯಿರಲಿಲ್ಲ, ಹಸಿರೂ ಇರಲಿಲ್ಲ. ಘಟ್ಟದ ಮಣ್ಣು ಹೊತ್ತ ನೇತ್ರಾವತಿ, ಗುರುಪುರ ಎರಡೂ ಅಲ್ಲೇ ಬಡಗಣ ಬದಿಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ; ದೂರದ ತನಕ ಕೆಮ್ಮಣ್ಣಿನ ಬಣ್ಣ. "ಡೋಣಿ ಬಂದಂಗ ಬಂದೈತಿ" ಅಂದಳು ಅವ್ವ. ಡೋಣಿ ನಮ್ಮ ಕಡೆಯ ಹೊಳೆ. ವರ್ಷದಲ್ಲಿ ನಾಲ್ಕು ದಿನ ಮಣ್ಣು ಕಲಸಿಕೊಂಡು ಉಕ್ಕಿ ಬಂದರೆ ಓಣಿಗೆಲ್ಲ ಜೋಳ ಎಂಬ ಮಾತಿದೆ. ಆ ವರ್ಷ ಡೋಣಿ ಬಂದಿರಲಿಲ್ಲ.

ಮಗಳೀಗ ಹೈಸ್ಕೂಲು ಮೆಟ್ಟಿಲ ಹತ್ತಿರ ಬಂದಿದ್ದಾಳೆ. ಆ ಪ್ರವಾಸದ್ದು ಅವಳಿಗೆ ಏನೂ ನೆನಪಿರಲು ಸಾಧ್ಯವಿಲ್ಲ. ಆದರೆ ಪ್ರತಿ ಬೇಸಿಗೆ ರಜೆಯಲ್ಲಿ ವಿಜಯಪುರದ ಮಾಳಿಗೆಯ ಮೇಲೆ ಮಲಗಿ ಆಯಿಯ ಬಾಯಿಂದ ಎಷ್ಟು ಸಲ ಕೇಳಿದ್ದಾಳೆಂದರೆ, ಈಗ ಅವಳೇ ನಮಗೆ ಹೇಳುತ್ತಾಳೆ: ಹಂಡೆ ಎಲ್ಲಿಟ್ಟಿದ್ದರು, ಹೂವಿನಾಕೆ ಯಾವ ಬಣ್ಣದ ಸೀರೆ ಉಟ್ಟಿದ್ದರು, ಸಮುದ್ರದ ಎದುರು ಎಲ್ಲಿ ನಿಂತಿದ್ದೆವು. ಆಗ ನೀನು ನಿದ್ದೆ ಹೋಗಿದ್ದೆ ಎಂದು ಅವಳಿಗೆ ನಾನು ಹೇಳಲು ಹೋಗಿಲ್ಲ. ಆಯಿ ನೋಡಿಟ್ಟದ್ದು ಅವಳಿಗೆ ಸೇರಿದೆ.

ಹೋದ ವರ್ಷ ಶಾಲೆಯಲ್ಲಿ ನಾನು ಕಂಡ ಸಮುದ್ರ ಎಂದು ಪ್ರಬಂಧ ಬರೆಯಲು ಹೇಳಿದ್ದರಂತೆ. ಇವಳು ಸಮುದ್ರ ಕೆಂಪು ಮಣ್ಣಿನ ಬಣ್ಣದ್ದಾಗಿತ್ತು ಎಂದು ಶುರು ಮಾಡಿದ್ದಳು. ಟೀಚರು ಆ ಸಾಲಿನ ಕೆಳಗೆ ಗೆರೆ ಎಳೆದು, ನೀಲಿ ಎಂದು ತಿದ್ದಿದ್ದರು. ಸಂಜೆ ನೋಟ್‌ಬುಕ್ಕು ತಂದು ನನ್ನ ಮುಂದೆ ಎಸೆದಳು, ಕಣ್ಣಲ್ಲಿ ನೀರು. ನೇತ್ರಾವತಿ, ಘಟ್ಟದ ಮಣ್ಣು, ಅಳಿವೆ ಎಲ್ಲ ಬಿಡಿಸಿ ಹೇಳಿ, ಜುಲೈಯಲ್ಲಿ ಹಾಗೇ ಇರುತ್ತದೆ, ನೀನು ಬರೆದದ್ದು ಸರಿ ಎಂದೆ. ಅವಳಿಗೆ ಅಷ್ಟು ಸಾಲಲಿಲ್ಲ. ಫೋನು ಎತ್ತಿಕೊಂಡು ವಿಜಯಪುರಕ್ಕೆ ಹಚ್ಚಿದಳು. ಸ್ಪೀಕರಿನಲ್ಲಿ ಅವ್ವನ ದನಿ ಅಡುಗೆಮನೆಯ ತನಕ ಕೇಳಿತು: "ಯಾರಕೀ ನೀಲಿ ಅಂದಾಕಿ? ಆಟಿ ಅಮಾಸಿ ಮುಂದ ಹೋಗಿ ನೋಡಿ ಬರ್ರಿ ಅಂತ ಹೇಳ ನಿಮ್ಮ ಟೀಚರಿಗೆ. ಕದ್ರಿಯಾಗ ನಮ್ಮ ಮಂದಿ ಅದಾರ, ಅವರ ಮನ್ಯಾಗ ಇಳೀರಿ ಅಂತನೂ ಹೇಳು."